300-0-300 ಅಂತ ಬರೆದ ಚೀಟಿ: ವಾಲ್ವ್ ಗಿಟಾರ್ ಆಂಪ್ ಕಟ್ಟೋರಿಗೆ ಎಚ್ಚರಿಕೆ

ದಾವಣಗೆರೆಯಲ್ಲಿ ಕಟ್ಟಿದ 5 ವಾಟಿನ ಗಿಟಾರ್ ಆಂಪ್ ಒಂದು ಮೊದಲ ತಿಂಗಳಲ್ಲೇ ಒಂದು ಕೆಪಾಸಿಟರ್, ಎರಡು ಡಯೋಡ್, ಒಂದು ಇಎಲ್84 ವಾಲ್ವ್ (ಹಳೆ ರೇಡಿಯೊದಲ್ಲಿದ್ದಂಥ ಗಾಜಿನ ಬುರುಡೆ) ನುಂಗಿತು. ಅಷ್ಟು ಸಾಲದು ಅಂತ ಗಿಟಾರ್ ಹಿಡಿದವರ ತುಟಿಗೆ ಮೈಕಿನಿಂದ ಶಾಕ್ ಕೂಡ ಕೊಟ್ಟಿತು. ಸರ್ಕ್ಯೂಟಿನಲ್ಲಿ ತಪ್ಪಿರಲಿಲ್ಲ. ಮುಂದೆ ಗಿಟಾರಿನ ಸಣ್ಣ ದನಿಯನ್ನು ಎತ್ತುವ ಇಸಿಸಿ83 ವಾಲ್ವ್, ಹಿಂದೆ ಸ್ಪೀಕರಿಗೆ ಬಲ ಕೊಡುವ ಇಎಲ್84, ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಒಂದು ಸ್ಪೀಕರ್. 1950ರ ದಶಕದಿಂದ ನಡೆದು ಬಂದ ದಾರಿ. ತಪ್ಪು ಇದ್ದದ್ದು ವೈಂಡಿಂಗ್ ಅಂಗಡಿಗೆ ಕೊಟ್ಟ ಚೀಟಿಯಲ್ಲಿ, ಗುಜರಿ ರೇಡಿಯೊದಿಂದ ಕಿತ್ತ ಸಾಮಾನಿನಲ್ಲಿ, ಮತ್ತೆ ಪ್ಲಗ್ಗಿನಲ್ಲಿ.

ಚೀಟಿಯಲ್ಲಿ 300-0-300 ಅಂತ ಬರೆದಿತ್ತು, ಅಂದರೆ ಪವರ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಲ್ಲಿ ನಡುವಿನ ತಂತಿಯಿಂದ (ಸೆಂಟರ್‌ಟ್ಯಾಪ್) ಎರಡೂ ಕಡೆ 300 ವೋಲ್ಟ್ ಎಸಿ. ಆ ಅಂಕಿ ಬಂದದ್ದು ಎಸಿಯನ್ನು ಡಿಸಿ ಮಾಡುವ 5ವೈ3 ರೆಕ್ಟಿಫೈಯರ್ ವಾಲ್ವ್ ಇರುವ ಅಮೆರಿಕದ ನಕ್ಷೆಯಿಂದ. ಆ ವಾಲ್ವ್ ತನ್ನೊಳಗೇ 50 ವೋಲ್ಟಿನಷ್ಟು ಉಳಿಸಿಕೊಳ್ಳುತ್ತೆ. ಇಲ್ಲಿ ಅದರ ಬದಲು ಎರಡು 1ಎನ್4007 ಡಯೋಡ್ ಹಾಕಲಾಗಿತ್ತು, ಅವು ಒಂದು ವೋಲ್ಟೂ ಬಿಡೋದಿಲ್ಲ ಅಂತಲೇ ಲೆಕ್ಕ. ಕೆಪಾಸಿಟರ್ ಎಸಿಯ ತುದಿಯವರೆಗೂ ತುಂಬುತ್ತೆ: 300ಕ್ಕೆ 1.414 ಗುಣಿಸಿದರೆ 424. ರಾತ್ರಿ ಸುತ್ತಲಿನ ಪಂಪ್‌ಸೆಟ್ ಆಫ್ ಆದ ಮೇಲೆ ಮನೆ ಕರೆಂಟು 230ರಿಂದ 246ಕ್ಕೆ ಏರಿದರೆ ಅದೇ 454. ಸ್ವಿಚ್ ಹಾಕಿದ ಮೊದಲ 15-20 ಸೆಕೆಂಡು ವಾಲ್ವ್ ಇನ್ನೂ ಕಾದಿರೋದಿಲ್ಲ, ಲೋಡ್ ಇರೋದಿಲ್ಲ, ಟ್ರಾನ್ಸ್‌ಫಾರ್ಮರ್ ಇನ್ನೂ ನೂರಕ್ಕೆ ಎಂಟು ಹೆಚ್ಚು ಕೊಡುತ್ತೆ. ಒಟ್ಟು 490ರ ಹತ್ತಿರ. ಕೂರಿಸಿದ್ದು 450 ವೋಲ್ಟಿನ ಕೆಪಾಸಿಟರ್. ಅದರ ನೆತ್ತಿ ಉಬ್ಬಿ, ಮಂಡಕ್ಕಿ ಭಟ್ಟಿಯ ಕಾಳಿನ ಹಾಗೆ ಸಿಡಿದು, ಚಾಸಿಸ್ (ಆಂಪಿನ ಲೋಹದ ಪೆಟ್ಟಿಗೆ) ತುಂಬ ಒದ್ದೆ ಕಾಗದದ ಚೂರು. ಡಯೋಡ್‌ನ ಕತೆಯೂ ಅಷ್ಟೇ: ಸೆಂಟರ್‌ಟ್ಯಾಪ್ ಜೋಡಣೆಯಲ್ಲಿ ಒಂದೊಂದು ಡಯೋಡ್ ಮೇಲೂ ಎರಡರಷ್ಟು ಉಲ್ಟಾ ವೋಲ್ಟೇಜ್ ಬೀಳುತ್ತೆ, ಅಂದರೆ 980. ಅದರ ಮಿತಿ 1000. ಎಲ್ಲಾದರೂ ಒಂದು ಮೋಟಾರ್ ಸ್ಟಾರ್ಟ್ ಆದ ಸ್ಪೈಕ್ ಬಂದರೂ ಸಾಕು.

ಇಎಲ್84ಕ್ಕೆ ಪ್ಲೇಟಿನ (ಹೈ ವೋಲ್ಟೇಜ್ ಬೀಳುವ ಲೋಹದ ಹಾಳೆಯ) ಮಿತಿ 300 ವೋಲ್ಟ್, 12 ವಾಟ್. ಅದಕ್ಕೆ 380 ಕೊಟ್ಟರೆ ಏನಾಗುತ್ತೆ ಅಂತ ದೀಪ ಆರಿಸಿ ನೋಡಿದರೆ ಗೊತ್ತಾಗುತ್ತೆ. ವಾಲ್ವನ್ನು ಕಾಯಿಸುವ ಫಿಲಮೆಂಟಿನ ಕೇಸರಿ ಬೆಳಕು ಬೇರೆ, ಅದು ಸರಿ. ಬೂದು ಪ್ಲೇಟಿನ ನಡುವೆ ಕುಂಕುಮದ ಬೊಟ್ಟಿನಷ್ಟು ಕೆಂಪು ಮೂಡಿ ಅಗಲ ಆಗ್ತಾ ಹೋದರೆ ಆ ಕ್ಷಣವೇ ಸ್ವಿಚ್ ತೆಗೆಯಬೇಕು.

ವೈಂಡಿಂಗ್ ಅಂಗಡಿಗೆ ಕೊಡಬೇಕಾದ ಚೀಟಿ ಇದು: ಪ್ರೈಮರಿ 240 ವೋಲ್ಟ್, ಸೆಕೆಂಡರಿ 220-0-220, 80 ಮಿಲಿಆಂಪ್, ಇನ್ನೊಂದು ಸೆಕೆಂಡರಿ 6.3 ವೋಲ್ಟ್, 2 ಆಂಪ್. ಮೇನ್ಸ್ 250 ಆಗಿ, ಲೋಡ್ ಇಲ್ಲದಿದ್ದರೂ ಇದು 355 ದಾಟೋದಿಲ್ಲ. ಪ್ರೈಮರಿ 240 ಯಾಕೆ ಅಂದರೆ ಫಿಲಮೆಂಟಿಗೋಸ್ಕರ. 6.3ಕ್ಕೆ ನೂರಕ್ಕೆ ಹತ್ತು ಆಚೀಚೆ, ಅಂದರೆ 5.67ರಿಂದ 6.93 ಮಾತ್ರ ಒಪ್ಪಿಗೆ. 220ಕ್ಕೆ ಸುತ್ತಿದರೆ 250ರಲ್ಲಿ ಅದು 7.16 ಆಗುತ್ತೆ, ವಾಲ್ವಿನ ಆಯಸ್ಸು ಕರಗುತ್ತೆ. ಸುತ್ತಿದ ಮೇಲೆ ಪ್ರೈಮರಿಗೂ ಸೆಕೆಂಡರಿಗೂ ನಡುವೆ, ಎರಡಕ್ಕೂ ಕೋರಿಗೂ ನಡುವೆ ಮೆಗ್ಗರ್ (ಇನ್ಸುಲೇಷನ್ ಗಟ್ಟಿ ಇದೆಯಾ ಅಂತ ಅಳೆಯುವ ಮೀಟರ್) ಹಾಕಿಸಿ. ಮೋಟಾರ್ ಕಟ್ಟುವವರ ಹತ್ತಿರ ಮೆಗ್ಗರ್ ಇದ್ದೇ ಇರುತ್ತೆ, ಕೇಳದಿದ್ದರೆ ಮಾತ್ರ ಯಾರೂ ಹಾಕೋದಿಲ್ಲ.

ಟ್ರಾನ್ಸ್‌ಫಾರ್ಮರ್ ಬದಲಾಯಿತು, ಹೊಸ ಇಎಲ್84 ಬಂತು. ಅದೂ ಕೆಂಪಾಗತೊಡಗಿತು. ಈ ಸಲದ ಕಳ್ಳ 0.02 ಮೈಕ್ರೊಫ್ಯಾರಡಿನ ಕಪ್ಲಿಂಗ್ ಕೆಪಾಸಿಟರ್ (ಮುಂದಿನ ವಾಲ್ವಿಗೆ ದನಿ ಮಾತ್ರ ಬಿಟ್ಟು ಡಿಸಿ ತಡೆಯೋದು), ಹಳೆ ರೇಡಿಯೊದ ಮೇಣದ ಪೇಪರ್ ಜಾತಿ. ಬರೇ 10 ಮೈಕ್ರೊಆಂಪ್ ಸೋರಿದರೂ ಇಎಲ್84ಕ್ಕೆ ದನಿ ಹೋಗುವ ಗ್ರಿಡ್‌ನ 220 ಕಿಲೊಓಮ್ ರೆಸಿಸ್ಟರ್ ಮೇಲೆ 2.2 ವೋಲ್ಟ್ ಪಾಸಿಟಿವ್ ನಿಲ್ಲುತ್ತೆ, ವಾಲ್ವಿನ ಕರೆಂಟನ್ನು ಹದದಲ್ಲಿಡುವ ಬಯಾಸ್ ಎಕ್ಕುಟ್ಟಿ ಹೋಗುತ್ತೆ. ಕೆಪಾಸಿಟನ್ಸ್ ಮೀಟರಿಗೆ ಹಾಕಿದರೆ ಅದೇ ಕೆಪಾಸಿಟರ್ ಸರಿಯಾದ ಅಂಕಿ ತೋರಿಸುತ್ತೆ, ಯಾಕಂದರೆ ಮೀಟರ್ ಪರೀಕ್ಷೆ ಮಾಡೋದು ಒಂದೆರಡು ವೋಲ್ಟಿನಲ್ಲಿ. ಸೋರೋದು 200ರಲ್ಲಿ. ಗುಜರಿ ಸೆಟ್ಟಿನಿಂದ ವಾಲ್ವ್, ಸಾಕೆಟ್, ನಾಬ್ ತಗೊಳ್ಳಿ. ಕೆಪಾಸಿಟರ್ ಒಂದನ್ನೂ ಬೇಡ. 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರಿಗೆ ಒಂದು ಪ್ಲೇಟ್ ಬೆಣ್ಣೆದೋಸೆಯ ದುಡ್ಡೂ ಬೇಕಾಗಿಲ್ಲ.

ಪಿನ್ನಿನ ಗೊಂದಲವನ್ನೂ ಹೇಳಿಬಿಡಬೇಕು. ಎರಡೂ ಒಂಬತ್ತು ಪಿನ್ನಿನ ವಾಲ್ವ್, ನೋಡೋಕೆ ಒಂದೇ ಸಾಕೆಟ್. ಇಎಲ್84ರಲ್ಲಿ ಫಿಲಮೆಂಟ್ 4 ಮತ್ತು 5. ಇಸಿಸಿ83ರಲ್ಲಿ 4 ಮತ್ತು 5 ಸೇರಿಸಿ ಒಂದು ಕಡೆ, 9 ಇನ್ನೊಂದು ಕಡೆ. ಇಎಲ್84ರ ಹಾಗೇ ಇಸಿಸಿ83ಕ್ಕೂ 4-5ಕ್ಕೆ ಎಳೆದರೆ ಅದಕ್ಕೆ ಬೇಕಾದದ್ದು 12.6, ಸಿಗೋದು 6.3, ವಾಲ್ವ್ ಮಂಕಾಗಿ ಉರಿದು ದನಿ ಸೊರಗುತ್ತೆ, ಅಷ್ಟೇ. ಉಲ್ಟಾ ಮಾಡಿದರೆ ಕೆಟ್ಟಿತು: ಇಎಲ್84ರ 9ನೇ ಪಿನ್ ಸ್ಕ್ರೀನ್ (ಪ್ಲೇಟಿನ ಪಕ್ಕದ ಇನ್ನೊಂದು ಗ್ರಿಡ್), ಅಲ್ಲಿ 270 ವೋಲ್ಟ್ ನಿಂತಿರುತ್ತೆ.

ಇನ್ನು ವಾಲ್ವನ್ನು ಸ್ಪೀಕರಿಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಹೆಚ್ಚು ಜನ ಸೋಲೋದು ಇಲ್ಲೇ, ಸೋತದ್ದು ಗೊತ್ತೂ ಆಗೋದಿಲ್ಲ. ಬೋರ್‌ವೆಲ್ ಮೋಟಾರ್ ಕಟ್ಟಿ ಪಳಗಿದ ಕೈಗೆ ತಂತಿ ಸುತ್ತೋದು ನೀರು ಕುಡಿದಷ್ಟು ಸಲೀಸು. ಆದರೆ ರೂಢಿಯಂತೆ ಅವರು ಕೋರಿನ ಇ ಆಕಾರದ ಪಟ್ಟಿ, ಐ ಆಕಾರದ ಪಟ್ಟಿ ಒಂದು ಈ ಕಡೆ ಒಂದು ಆ ಕಡೆ ಹೆಣೆದು ತುಂಬುತ್ತಾರೆ. ಪವರ್ ಟ್ರಾನ್ಸ್‌ಫಾರ್ಮರಿಗೆ ಅದೇ ಸರಿ. ಒಂದೇ ಇಎಲ್84 ಇರುವ ಆಂಪ್‌ನಲ್ಲಿ ಪ್ರೈಮರಿಯೊಳಗೆ ಸುಮಾರು 40 ಮಿಲಿಆಂಪ್ ಡಿಸಿ ಸದಾ ಹರಿಯುತ್ತೆ. ಹೆಣೆದ ಕೋರ್ ಅದರಲ್ಲೇ ತುಂಬಿಹೋಗಿ ದನಿಗೆ ಜಾಗ ಉಳಿಯೋದಿಲ್ಲ. ಆರನೇ ತಂತಿಯ 82 ಹರ್ಟ್ಜ್ ಇ ಸ್ವರ ಎಣ್ಣೆ ಡಬ್ಬಿ ಬಡಿದ ಹಾಗೆ ಕೇಳುತ್ತೆ. ಜನ ಸ್ಪೀಕರ್ ಬದಲಾಯಿಸ್ತಾರೆ, ವಾಲ್ವ್ ಬದಲಾಯಿಸ್ತಾರೆ. ಬೇಕಾದದ್ದು ಇಷ್ಟು: ಎಲ್ಲ ಇ ಒಂದೇ ಕಡೆಯಿಂದ, ಎಲ್ಲ ಐ ಇನ್ನೊಂದು ಕಡೆ, ನಡುವೆ 0.1ರಿಂದ 0.2 ಮಿಲಿಮೀಟರ್ ಕಾಗದ. ಅಂಗಡಿಯಲ್ಲಿ ನಿಂತು ತುಂಬಿಸಿಕೊಳ್ಳಿ, ಫೋನಿನಲ್ಲಿ ಹೇಳಿದರೆ ಆಗೋ ಕೆಲಸ ಅಲ್ಲ.

ವಾಲ್ವಿನ ಕಡೆಯ 5 ಕಿಲೊಓಮಿನಿಂದ ಸ್ಪೀಕರಿನ 8 ಓಮಿಗೆ ಸುತ್ತಿನ ಅನುಪಾತ 25ಕ್ಕೆ 1. ಪರೀಕ್ಷೆಗೆ ಪ್ರೈಮರಿಗೆ 6 ವೋಲ್ಟ್ ಎಸಿ ಕೊಟ್ಟರೆ ಸ್ಪೀಕರ್ ಕಡೆ 0.24 ಬರಬೇಕು. ತಿರುಗಿಸಿ ಸ್ಪೀಕರ್ ಕಡೆ 6 ಕೊಟ್ಟರೆ ಆ ಕಡೆ 150 ವೋಲ್ಟ್ ಏಳುತ್ತೆ, ಅದನ್ನು ಕೈಯಲ್ಲಿ ಹಿಡಿದಿರಬೇಡಿ. ಸ್ಪೀಕರ್ ಕಿತ್ತು ಆಂಪ್ ಬಾರಿಸೋದೂ ಬೇಡ, ಪ್ರೈಮರಿಯಲ್ಲಿ ಸಾವಿರ ದಾಟಿದ ವೋಲ್ಟೇಜ್ ಎದ್ದು ಸಾಕೆಟ್ಟಿನಲ್ಲೇ ಕಿಡಿ ಹಾರುತ್ತೆ.

ಶಾಕ್ ಬಂದದ್ದು ಹೀಗೆ. ಆಂಪಿಗೆ ಎರಡು ಪಿನ್ನಿನ ಪ್ಲಗ್; ಆರ್ಕೆಸ್ಟ್ರಾದ ಮಿಕ್ಸರಿಗೆ ಮೂರು ಪಿನ್. ಗಿಟಾರಿನ ತಂತಿ ಆಂಪಿನ ಚಾಸಿಸ್ಸಿಗೆ ಸೇರಿರುತ್ತೆ, ಮೈಕಿನ ಜಾಲರಿ ಮಿಕ್ಸರಿನ ಅರ್ಥಿಗೆ. ಬೆರಳು ತಂತಿಯ ಮೇಲೆ, ತುಟಿ ಜಾಲರಿಗೆ. ನಡುವೆ ಮೀಟರ್ 90 ವೋಲ್ಟ್ ತೋರಿಸಿತು. ಆಗಿದ್ದು ಬರೀ ಜುಮ್ಮು, ಯಾಕಂದರೆ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಗಟ್ಟಿ ಇತ್ತು. ಅದು ಸೋತಿದ್ದರೆ ತಂತಿಯ ಮೇಲೆ 230. ಮೂರು ಪಿನ್ ಪ್ಲಗ್, ಫೇಸ್ ತಂತಿಯಲ್ಲಿ 500 ಮಿಲಿಆಂಪ್ ಸ್ಲೋಬ್ಲೋ ಫ್ಯೂಸ್, ಅರ್ಥಿಗೆ ಪ್ರತ್ಯೇಕ ಬೋಲ್ಟ್; ಟ್ರಾನ್ಸ್‌ಫಾರ್ಮರ್ ಬೋಲ್ಟಿಗೇ ಅರ್ಥ್ ಸಿಕ್ಕಿಸಬಾರದು, ಅದು ಅಲುಗಾಡಿ ಸಡಿಲ ಆಗುತ್ತೆ. ಮನೆಯ ಅರ್ಥಿಂಗ್ ಕೂಡ ಇದ್ದಷ್ಟೇ ದಿಟ. ಚಿತ್ರದುರ್ಗದ ಕಲ್ಲುನೆಲದಲ್ಲಿ, ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಬೀಳದಿದ್ದರೆ ಅದು ಹೆಸರಿಗೆ ಮಾತ್ರ ಅರ್ಥ್. ಫೇಸಿಗೂ ಅರ್ಥಿಗೂ ಡಿಜಿಟಲ್ ಮೀಟರ್ 230 ತೋರಿಸಿದರೆ ನಂಬಬೇಡಿ, ಮೀಟರಿಗೆ ಬೇಕಿರೋದು ಕೆಲವೇ ಮೈಕ್ರೊಆಂಪ್. ಎಲೆಕ್ಟ್ರಿಷಿಯನ್ ಅರ್ಥ್ ಟೆಸ್ಟರ್ ತಂದು ಅಳೆಯಲಿ. ಸೋರಿಕೆ ಕಂಡರೆ ಕರೆಂಟ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದೆ ಅಂತ ಧೈರ್ಯದಿಂದ ಒಳಗೆ ಕೈ ಹಾಕುವವರಿಗೂ ಒಂದು ಮಾತು: ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ಹೈ ವೋಲ್ಟೇಜ್ ಮೈಮೇಲೆ ಹರಿದರೆ ಅದಕ್ಕೆ ಗೊತ್ತೇ ಆಗೋದಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಯುಸಿಎಲ್82, ಯುವೈ85, ಹೀಗೆ ವಾಲ್ವಿನ ಹೆಸರು ಯು ಅಕ್ಷರದಿಂದ ಶುರುವಾಗುವ ಹಳೆ ಎಸಿ/ಡಿಸಿ ರೇಡಿಯೊದಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರೋದಿಲ್ಲ, ಚಾಸಿಸ್ ನೇರ ಕರೆಂಟಿಗೆ ಸೇರಿರುತ್ತೆ. ಪ್ಲಗ್ ತಿರುಗಿಸಿ ಹಾಕಿದರೆ ಗಿಟಾರಿನ ಆರೂ ತಂತಿಯಲ್ಲಿ ಫೇಸ್. ಅದಕ್ಕೆ ಜಾಕ್ ಕೂರಿಸಿ ಆಂಪ್ ಮಾಡೋ ಯೋಚನೆಯನ್ನೇ ಬಿಡಿ.

ಮೊದಲ ಸಲ ಕರೆಂಟ್ ಕೊಡುವಾಗ 60 ವಾಟಿನ ಹಳೆ ಕಾಲದ ಬಲ್ಬ್ ಸೀರೀಸ್‌ನಲ್ಲಿರಲಿ, ಎಲ್‌ಇಡಿ ನಡೆಯೋದಿಲ್ಲ. ಬಲ್ಬ್ ಮಿಂಚಿ ಮಂಕಾದರೆ ಸರಿ, ಪೂರಾ ಉರಿದರೆ ಎಲ್ಲೋ ಶಾರ್ಟ್. ಮೊದಲ ಫಿಲ್ಟರ್ ಕೆಪಾಸಿಟರಿಗೆ ಅಡ್ಡವಾಗಿ 220 ಕಿಲೊಓಮ್, 2 ವಾಟ್ ಬ್ಲೀಡರ್ (ಚಾರ್ಜ್ ಇಳಿಸುವ ರೆಸಿಸ್ಟರ್) ಬೆಸೆದುಬಿಡಿ. 47, 47, 22 ಮೈಕ್ರೊಫ್ಯಾರಡ್ ಸೇರಿ ಖಾಲಿ ಆಗೋಕೆ ಎರಡು ನಿಮಿಷ ಬೇಕು, ಸ್ವಿಚ್ ತೆಗೆದು ಅಷ್ಟು ಹೊತ್ತು ಕೈ ಕಟ್ಟಿ ಕೂತಿರಿ. ಆಮೇಲೂ ಮೀಟರ್ ಇಟ್ಟು ನೋಡಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡೋ ಅಭ್ಯಾಸ ಕೆಪಾಸಿಟರಿಗೂ ಕಣ್ಣಿಗೂ ಕೆಟ್ಟದ್ದು.

ಸರಿಹೋದ ಮೇಲೆ ಅದೇ ಆಂಪಿನ ಅಳತೆ, ಮೇನ್ಸ್ 232 ಇದ್ದಾಗ: ಮೊದಲ ಕೆಪಾಸಿಟರ್ 289 ವೋಲ್ಟ್, ಇಎಲ್84 ಪ್ಲೇಟ್ 276, ಸ್ಕ್ರೀನ್ 273, ಇಎಲ್84ರ ಕರೆಂಟೆಲ್ಲ ಹರಿಯುವ 220 ಓಮಿನ ಕ್ಯಾಥೋಡ್ ರೆಸಿಸ್ಟರ್ ಮೇಲೆ 9.1. ಅಂದರೆ ಒಟ್ಟು 41 ಮಿಲಿಆಂಪ್, ಅದರಲ್ಲಿ ಸ್ಕ್ರೀನಿಗೆ 4 ಹೋಗಿ ಪ್ಲೇಟಿಗೆ 37, ಪ್ಲೇಟಿನ ಮೇಲೆ ಹತ್ತು ವಾಟಿಗೆ ಒಂಚೂರು ಕಡಿಮೆ. ಗ್ರಿಡ್‌ನಲ್ಲಿ ಸೊನ್ನೆ.