ಆಲ್ಫಾಫೋಲ್ಡ್ ರಚನಾ ಭಂಡಾರ: ಬಣ್ಣಕ್ಕಿಂತ ಮೊದಲು ಅಮೈನೊ ಆಮ್ಲ ನೋಡಿ

ಆಲ್ಫಾಫೋಲ್ಡ್ ಎಂದರೆ ಅಮೈನೊ ಆಮ್ಲಗಳ ಸಾಲಿನಿಂದ ಪ್ರೋಟೀನಿನ ಆಕಾರ ಊಹಿಸುವ ಕೃತಕ ಬುದ್ಧಿಮತ್ತೆ. ಗೂಗಲ್ ಡೀಪ್‌ಮೈಂಡ್ ಮತ್ತು ಯುರೋಪಿನ ಜೈವಿಕ ಮಾಹಿತಿ ಸಂಸ್ಥೆ ಇಎಂಬಿಎಲ್-ಇಬಿಐ ಸೇರಿ 2021ರ ಜುಲೈನಲ್ಲಿ ತೆರೆದ ಈ ಭಂಡಾರದಲ್ಲಿ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಊಹಿತ ರಚನೆಗಳಿವೆ. ಹಣ ಬೇಡ, ಖಾತೆಯೂ ಬೇಡ. ಅಮೈನೊ ಆಮ್ಲದ ಗುಣ ಮಡಿಕೆಯನ್ನು (ಸರಪಳಿ ಮಡಿಚಿ ಪಡೆಯುವ ಆಕಾರವನ್ನು) ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಇದು ಬಹಳ ಒಳ್ಳೆಯ ಜಾಗ.

P68871 ಎಂಬ ಪ್ರೋಟೀನ್ ಸಂಕೇತ ಹಾಕಿ ಹುಡುಕಿ: ಹಿಮೋಗ್ಲೋಬಿನ್‌ನ ಬೀಟಾ ಸರಪಳಿ, 147 ಅಮೈನೊ ಆಮ್ಲ. ಇದರಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಏಳೇ ಸ್ಥಾನಗಳಲ್ಲಿದೆ: 6, 37, 52, 59, 101, 125, 126. ಒಂದೊಂದನ್ನೂ ಕ್ಲಿಕ್ ಮಾಡಿ. ಏಳೂ ಯಾವುದೋ ಒಂದು ಆಲ್ಫಾ ಸುರುಳಿಯ (ಹೈಡ್ರೋಜನ್ ಬಂಧಗಳು ಹಿಡಿದಿಟ್ಟ ತಿರುಚು ಭಾಗದ) ಮೊದಲ ತಿರುವಿನಲ್ಲೇ ಕೂತಿವೆ. ಪ್ರೋಲಿನ್‌ನ ನೈಟ್ರೋಜನ್‌ನಲ್ಲಿ ಹೈಡ್ರೋಜನ್ ಬಂಧಕ್ಕೆ ಕೊಡಲು ಹೈಡ್ರೋಜನ್ ಇಲ್ಲ. ಸುರುಳಿಯ ನಡುವೆ ಇದು ಮುರುಕು, ಮೊದಲ ತಿರುವಿನಲ್ಲಿ ಆ ಬಂಧದ ಅಗತ್ಯವೇ ಇಲ್ಲ. ಇಷ್ಟು ಸ್ಪಷ್ಟ ಪಾಠ ಪಠ್ಯಪುಸ್ತಕದ ಚಿತ್ರದಲ್ಲಿ ಸಿಗುವುದಿಲ್ಲ! ಮುಂದೆ 25 ಮತ್ತು 65ರ ಗ್ಲೈಸಿನ್ ನೋಡಿ. ಎರಡು ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಹಾಯುವುದು ಅಲ್ಲೇ. ಪಕ್ಕಕವಲು ಇಲ್ಲದ ಗ್ಲೈಸಿನ್‌ಗೆ ಮಾತ್ರ ಅಲ್ಲಿ ಜಾಗ. 25ರಲ್ಲಿ ಆರ್ಜಿನೈನ್ ಬಂದರೆ ಹಿಮೋಗ್ಲೋಬಿನ್ ಅಸ್ಥಿರವಾಗುತ್ತದೆ.

ಸಂಖ್ಯೆಯಲ್ಲಿ ಎಡವಬೇಡಿ. ಭಂಡಾರ ಸರಪಳಿಯ ಮೊದಲ ಅಮೈನೊ ಆಮ್ಲವಾದ ಮೆಥಿಯೋನಿನ್ ಅನ್ನೂ ಎಣಿಸುತ್ತದೆ, ಹಳೆಯ ಪುಸ್ತಕಗಳು ಎಣಿಸುವುದಿಲ್ಲ. ಕುಡಗೋಲು ಕಣ ರೋಗದ '6ನೇ ಗ್ಲುಟಮೇಟ್' ಇಲ್ಲಿ 7ನೆಯದು. ಅದು ವ್ಯಾಲಿನ್ ಆದರೂ ಮಡಿಕೆ ಹೆಚ್ಚೇನೂ ಬದಲಾಗದು. ನೀರಿಗೆ ಒಗ್ಗದ ವ್ಯಾಲಿನ್ ಹೊರಮೈಗೆ ಬಂದು ಪಕ್ಕದ ಅಣುವಿನ ಫೀನೈಲ್‌ಅಲನಿನ್-ಲ್ಯೂಸಿನ್ ಗುಳಿಗೆ ಅಂಟುತ್ತದೆ, ಕೆಡುಕು ಅಲ್ಲಿ. ಒಂಟಿ ಸರಪಳಿಯ ಚಿತ್ರ ಇದನ್ನು ತೋರಿಸಲಾರದು. ಒಂದು ಅಮೈನೊ ಆಮ್ಲ ಬದಲಿಸಿ ರೋಗ ಊಹಿಸಲು ಈ ಸಾಧನವನ್ನು ನಂಬಬೇಡಿ.

ಬಣ್ಣ ಎಂದರೆ ವಿಶ್ವಾಸಾಂಕ, ಪಿಎಲ್‌ಡಿಡಿಟಿ: 90ರ ಮೇಲೆ ಕಡುನೀಲಿ, 70–90 ತಿಳಿನೀಲಿ, 50–70 ಹಳದಿ, 50ಕ್ಕಿಂತ ಕೆಳಗೆ ಕಿತ್ತಳೆ. ಉದ್ದನೆಯ ಕಿತ್ತಳೆ ಎಳೆ ಕಂಡರೆ ಅಮೈನೊ ಆಮ್ಲಗಳ ಅನುಕ್ರಮ ಓದಿ. ನೀರಿಗೆ ಒಗ್ಗದ ಲ್ಯೂಸಿನ್, ವ್ಯಾಲಿನ್ ವಿರಳವಾಗಿ, ಲೈಸಿನ್, ಗ್ಲುಟಮೇಟ್, ಸೆರಿನ್ ತುಂಬಿದ್ದರೆ ಅದು ಬಹುಶಃ ಮಡಿಯದೆಯೇ ಇರುವ ಭಾಗ; ಒಳತಿರುಳು ಕಟ್ಟಲು ಅದರಲ್ಲಿ ಸಾಮಗ್ರಿಯೇ ಇಲ್ಲ. ಅದರ ಆಕಾರಕ್ಕೆ ಅರ್ಥ ಹಚ್ಚಬೇಡಿ. ಕಡತ ಇಳಿಸಿದಾಗ ಈ ಅಂಕ ಬಿ-ಫ್ಯಾಕ್ಟರ್ (ಪ್ರಯೋಗದಲ್ಲಿ ಪರಮಾಣುವಿನ ಸ್ಥಾನ ಎಷ್ಟು ಅಲುಗುತ್ತದೆ ಎಂಬ ಅಳತೆ) ಕಾಲಂನಲ್ಲಿರುತ್ತದೆ. ಪ್ರಯೋಗದ ರಚನೆಗಳಲ್ಲಿ ಆ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು, ಇಲ್ಲಿ ತಿರುವುಮುರುವು. ಎರಡನ್ನೂ ಒಂದೇ ಬಣ್ಣಪಟ್ಟಿಯಲ್ಲಿ ಹಾಕಿದರೆ ಚಿತ್ರ ಸುಳ್ಳಾಗುತ್ತದೆ.

ದೊಡ್ಡ ಕೊರತೆಯೆಂದರೆ ಹೀಮ್, ಅಂದರೆ ಕಬ್ಬಿಣ ಹೊತ್ತ ಅಣು, ಇಲ್ಲ. 93ರ ಹಿಸ್ಟಿಡಿನ್ ಕಬ್ಬಿಣ ಹಿಡಿಯುವ ಭಂಗಿಯಲ್ಲೇ ಇದ್ದರೂ ಗುಳಿ ಖಾಲಿ. ಹೀಮ್ ಬೇಕಿದ್ದರೆ ಹೊಸ ಊಹೆ ಮಾಡಿಕೊಡುವ ಬೇರೆ ತಾಣ ಆಲ್ಫಾಫೋಲ್ಡ್ ಸರ್ವರ್‌ಗೆ ಹೋಗಿ. ಅದಕ್ಕೆ ಗೂಗಲ್ ಖಾತೆ ಬೇಕು, ವಾಣಿಜ್ಯ ಬಳಕೆ ಸಲ್ಲದು. ಆಲ್ಫಾ ಸರಪಳಿ 2, ಬೀಟಾ 2, ಹೀಮ್ 4 ಎಂದು ಕೊಡಿ, ಮೊದಲ ಮೆಥಿಯೋನಿನ್ ತೆಗೆದಿರಿ.