ನಮ್ಮ ಮನೆಗೆ ಸ್ವಲ್ಪ ಕಿವುಡು ಮೈಕೇ ಬೇಕಿತ್ತು

ಮೊದಲು ನನ್ನ ಕಿವಿಯ ಬಗ್ಗೆ ಹೇಳಿಬಿಡುತ್ತೇನೆ. ನಾನು ಕಲಬುರಗಿಯ ಗಂಜ್ ಕಡೆ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆಯಿಂದ ಸಂಜೆತನಕ ತೊಗರಿ ಒಡೆಯುವ ಮಷೀನಿನ ಸದ್ದು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಅಪ್ಪನ ಕಾಲದ ಪೇಟಿ, ಅಂದರೆ ಹಾರ್ಮೋನಿಯಂ, ತೆಗೆದರೆ, ಅರ್ಧ ತಾಸು ಕಿವಿಯೊಳಗೆ ಇನ್ನೂ ಮಿಲ್ಲು ತಿರುಗುತ್ತಲೇ ಇರುತ್ತದೆ. ಹಾಗಾಗಿ ನಾನು ಮೈಕಿನ ಬಗ್ಗೆ ಬರೆಯುವುದನ್ನು ಸ್ಟುಡಿಯೊದವರು ಓದಿ ನಕ್ಕರೂ ಬೇಸರವಿಲ್ಲ. ಮನೆಯಲ್ಲಿ ಕೂತು ಪೇಟಿ ಬಾರಿಸಿ, ಎರಡು ಪದ ಹಾಡಿ, ರೆಕಾರ್ಡ್ ಮಾಡಿ ಬೀಗರು ಗೆಳೆಯರಿಗೆ ಕಳಿಸುವ ನನ್ನಂಥವರಿಗಾಗಿ ಇದು.

ಮೈಕು ಶೂರ್ ಕಂಪನಿಯ ಎಸ್‌ಎಂ58. ಹೆಸರು ಗೊತ್ತಿಲ್ಲದಿದ್ದರೂ ನೀವು ಇದನ್ನು ನೋಡೇ ಇರುತ್ತೀರಿ. ಮೇಲೆ ಉಂಡೆಯಂಥ ಜಾಲರಿ, ಕೆಳಗೆ ಕಡುಬೂದು ಹಿಡಿಕೆ. ಮೈಕ್ ಅಂತ ಚಿತ್ರ ಬರೆಯಲು ಹೇಳಿದರೆ ಮಕ್ಕಳು ಬರೆಯುವುದು ಇದನ್ನೇ. 1966ರಿಂದ ಮಾರುಕಟ್ಟೆಯಲ್ಲಿದೆ. ಹೆಸರಿನಲ್ಲಿರುವ ಎಸ್‌ಎಂ ಅಂದರೆ ಸ್ಟುಡಿಯೊ ಮೈಕ್ರೊಫೋನ್. ಸ್ಟುಡಿಯೊಗೆಂದು ಹುಟ್ಟಿದ್ದು ವೇದಿಕೆ ಮೇಲೆ ಹೆಸರು ಮಾಡಿತು. ನಮ್ಮ ಮನೆಗೆ ಬಂದದ್ದು ಮಾತ್ರ ಬೇರೆ ಕಾರಣಕ್ಕೆ.

ಇದಕ್ಕೂ ಮೊದಲು ಒಂದು ಕಂಡೆನ್ಸರ್ ಮೈಕ್ ತಂದಿದ್ದೆ. ಕಂಪನಿ ಹೆಸರು ಬೇಡ, ತಪ್ಪು ಅದರದಲ್ಲ. ವಿಡಿಯೊಗಳಲ್ಲಿ ಎಲ್ಲರೂ ಅದನ್ನೇ ಹೊಗಳುತ್ತಿದ್ದರು. ದನಿಯ ಪ್ರತಿ ಎಳೆ ಸಿಗುತ್ತದೆ, ಉಸಿರೂ ಕೇಳಿಸುತ್ತದೆ ಅಂತ. ನಿಜ, ಕೇಳಿಸಿತು. ಆದರೆ ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಒಂದು ಮನೆಯೊಳಗೆ ಏನೇನು ಸದ್ದಿರುತ್ತದೆ ಅಂತ ನನಗೂ ಅವತ್ತೇ ಗೊತ್ತಾದದ್ದು.

ಅವ್ವ ಒಂದು ಬೀಸುವ ಪದ ಹಾಡಿದಳು. ನಾನು ಪೇಟಿ ಹಿಡಿದಿದ್ದೆ. ಎಲ್ಲ ಚಲೋ ಆಯಿತು ಅಂದುಕೊಂಡು ಹೆಡ್‌ಫೋನ್ ಹಾಕಿ ಕೇಳಿದೆ. ಹಿಂದುಗಡೆ ಕೂಲರಿನ ಗುಂಯ್ ಅನ್ನುವ ಸದ್ದು ಸಾಲಿನಿಂದ ಸಾಲಿಗೆ ಹರಿಯುತ್ತಿತ್ತು. ಅದರ ಮೇಲೆ ಅಡುಗೆಮನೆಯಿಂದ ಮನೆಯಾಕೆ ರೊಟ್ಟಿ ಬಡಿಯುವ ಸದ್ದು, ತಪ್ ತಪ್ ತಪ್. ನಡುವೆ ಪಕ್ಕದ ಮನೆಯ ಹುಡುಗ ಬೈಕಿಗೆ ಕಿಕ್ ಹೊಡೆದ. ಒಂದಲ್ಲ, ಆರು ಸಲ. ಗಾಡಿ ಚಾಲೂ ಆಗಲಿಲ್ಲ ಅನ್ನುವುದೂ ರೆಕಾರ್ಡಿನಲ್ಲಿ ಸ್ಪಷ್ಟವಾಗಿತ್ತು. ಎಲ್ಲದರ ಮೇಲೆ ಒಂದು ಗುಹೆಯ ದನಿ. ನಮ್ಮದು ಹಳೆಯ ಮನೆ, ಶಹಾಬಾದ್ ಕಲ್ಲಿನ ನೆಲ, ಗೋಡೆ ಬೋಳು. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಮಲಗಿದರೆ ಸುಖ. ಆದರೆ ಹಾಡಿದರೆ ದನಿ ಚೆಂಡಿನ ಹಾಗೆ ಪುಟಿದು ವಾಪಸ್ ಬರುತ್ತದೆ.

ಅವ್ವ ಕೇಳಿ, "ಯಪ್ಪಾ, ನಾ ಹಾಡೀನೋ, ಕೂಲರ್ ಹಾಡ್ಯಾದೋ?" ಅಂದಳು.

ಆಮೇಲೆ ಒಂದು ತಿಂಗಳು ಮನೆಯವರಿಗೆಲ್ಲ ಕಾಟ ಕೊಟ್ಟೆ. ಕೂಲರ್ ಬಂದ್, ಫ್ಯಾನ್ ಬಂದ್, ರೊಟ್ಟಿ ಬಂದ್. ಹತ್ತು ನಿಮಿಷಕ್ಕೆ ಬೆವರು ಇಳಿದು ಪೇಟಿಯ ಮನೆಗಳ ಮೇಲೆ ಬೆರಳು ಜಾರುತ್ತಿತ್ತು. ಮನೆಯಾಕೆ ಹಿಟ್ಟು ಕಲಸಿಟ್ಟು ಬಾಗಿಲಲ್ಲಿ ನಿಂತು, "ಆಯ್ತೇನ್ರೀ ನಿಮ್ಮ ಕಚೇರಿ? ಹಂಚು ಕಾಯ್ಲಾಕ ಹತ್ಯಾದ" ಅನ್ನುವಳು. ಆ ಮಾತೂ ರೆಕಾರ್ಡ್ ಆಗುತ್ತಿತ್ತು.

ಮೈಕ್‌ಸೆಟ್ ಬಾಡಿಗೆಗೆ ಕೊಡುವ ಗೆಳೆಯನೊಬ್ಬ ನನ್ನ ಗೋಳು ಕೇಳಿ ಅಂದ, "ಕಾಕಾ, ನಿಮಗ ಚುರುಕು ಕಿವಿ ಇರೋ ಮೈಕ್ ಬ್ಯಾಡ. ಸ್ವಲ್ಪ ಕಿವುಡು ಇರೋದು ತಗೋರಿ." ಅವನು ತನ್ನ ಹಳೆಯ ಎಸ್‌ಎಂ58 ಎರಡು ದಿನಕ್ಕೆ ಕೊಟ್ಟ. ಜಾಲರಿಗೆ ನೆಗ್ಗು ಬಿದ್ದಿತ್ತು, ಎಷ್ಟು ಜಾತ್ರೆ ಕಂಡಿತ್ತೋ. ಎರಡು ದಿನ ಸಾಕಾಯಿತು, ಹೊಸದು ತಗೊಂಡೆ.

ಇದು ಡೈನಾಮಿಕ್ ಮೈಕು. ಒಳಗೆ ತೆಳು ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ, ಸುರುಳಿಯ ಸುತ್ತ ಅಯಸ್ಕಾಂತ. ದನಿ ಬಡಿದಾಗ ಸುರುಳಿ ಅಲುಗಿ ಚೂರು ಕರೆಂಟು ಹುಟ್ಟುತ್ತದೆ. ಸೈಕಲ್ ಡೈನಮೊ ನೆನಪಿದ್ದವರಿಗೆ ಬೇರೆ ವಿವರಣೆ ಬೇಡ. ಕಂಡೆನ್ಸರಿಗೆ ಬೇಕಾದ 48 ವೋಲ್ಟ್ ಇದಕ್ಕೆ ಬೇಕಿಲ್ಲ. ಬಾಯಿಯ ಹತ್ತಿರ ಇಟ್ಟು ಹಾಡಲೆಂದೇ ಇದನ್ನು ಮಾಡಿದ್ದಾರೆ. ಹತ್ತಿರದ ದನಿ ಜೋರಾಗಿ ಬಂದಾಗ ದೂರದ ರೊಟ್ಟಿ, ಬೈಕು ತಾವಾಗಿಯೇ ಹಿಂದೆ ಸರಿಯುತ್ತವೆ. ಗುಟ್ಟು ಇಷ್ಟೇ. ಕಂಡೆನ್ಸರನ್ನೂ ಹತ್ತಿರ ಎಳೆದು ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಿದರೆ ಅರ್ಧ ಗಲಾಟೆ ಹೋಗುತ್ತದೆ, ಸುಳ್ಳಲ್ಲ. ನಾನೂ ಮಾಡಿ ನೋಡಿದೆ. ಆದರೆ ಅವ್ವನ 'ಪ', 'ಬ', 'ಭ' ಬಂದಾಗಲೆಲ್ಲ ಪಟಾಕಿ ಹೊಡೆದ ಹಾಗೆ ಆಗುತ್ತಿತ್ತು. ಎಸ್‌ಎಂ58ರ ಜಾಲರಿಯ ಒಳಗೇ ಒಂದು ಸ್ಪಂಜಿನ ಪದರವಿದೆ. ಅದು ಅಷ್ಟನ್ನು ತಡೆದುಕೊಳ್ಳುತ್ತದೆ.

ಬೆಲೆ ಹೇಳಬೇಕಲ್ವಾ. ನಾನು ಕೊಟ್ಟದ್ದು ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಅಗ್ಗ ಅಲ್ಲ. ಆನ್‌ಲೈನ್‌ನಲ್ಲಿ ಇದೇ ಹೆಸರು, ಇದೇ ರೂಪದ ಮೈಕು ಎರಡು ಸಾವಿರಕ್ಕೂ ಕಾಣುತ್ತದೆ. ಅದು ಇದಲ್ಲ. ಈ ಮೈಕಿಗೆ ಇರುವಷ್ಟು ನಕಲಿ ಬಹುಶಃ ಬೇರೆ ಯಾವ ಮೈಕಿಗೂ ಇಲ್ಲ. ಕಂಪನಿ ಹೇಳುವ ತೂಕ 298 ಗ್ರಾಂ. ಮಿಲ್ಲಿನಲ್ಲಿ ಬೇಳೆಯ ಸ್ಯಾಂಪಲ್ ತೂಗುವ ಪುಟ್ಟ ತಕ್ಕಡಿ ಇದೆ. ಮಧ್ಯಾಹ್ನ ಊಟದ ಹೊತ್ತಿಗೆ ಯಾರೂ ಇಲ್ಲದಾಗ ಅದರ ಮೇಲೆ ಇಟ್ಟು ನೋಡಿದೆ. 300 ತೋರಿಸಿತು. ಆ ತಕ್ಕಡಿ 5 ಗ್ರಾಂ ಲೆಕ್ಕದಲ್ಲೇ ಏರುವುದು, ಹಾಗಾಗಿ ಸಮಾಧಾನವಾಯಿತು. ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತಲ್ಲ, ಆದರೆ ಕೈಗೆ ಹಗುರ ಅನಿಸಿದರೆ ಅಲ್ಲೇ ವಾಪಸ್ ಕೊಟ್ಟುಬಿಡಿ.

ಇನ್ನೊಂದು. ಎಸ್‌ಎಂ58 ಎಲ್‌ಸಿ ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಎಲ್‌ಸಿ ಅಂದರೆ ಕೇಬಲ್ ಇಲ್ಲ ಅಂತ ಅರ್ಥ. ನನಗೆ ಗೊತ್ತಿರಲಿಲ್ಲ. ಶನಿವಾರ ರಾತ್ರಿ ಮನೆಗೆ ತಂದು, ಪೇಟಿ ತೆಗೆದು, ಅವ್ವನನ್ನು ಕೂಡಿಸಿ, ಡಬ್ಬಿ ಬಿಚ್ಚಿದರೆ ಮೈಕು, ಚೀಲ, ಸ್ಟ್ಯಾಂಡಿಗೆ ಹಾಕುವ ಕ್ಲಿಪ್ಪು. ವೈರ್ ಇಲ್ಲ. ಅವ್ವ ಅರ್ಧ ತಾಸು ಸುಮ್ನೆ ಕೂತು ಎದ್ದು ಹೋದಳು. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲನ್ನು ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಗೆ ಹೋಗಿ ಬೇರೆ ತಂದೆ. ಮೈಕಿಗೆ ಆನ್ ಆಫ್ ಬಟನ್ನೂ ಇಲ್ಲ. ಬಟನ್ ಬೇಕೆಂದರೆ ಎಸ್‌ಎಂ58 ಎಸ್ ಅಂತ ಬೇರೆ ಮಾದರಿ ಕೇಳಬೇಕು.

ಇದನ್ನು ನೇರ ಫೋನಿಗೆ ಚುಚ್ಚಲು ಬರುವುದಿಲ್ಲ. ನಡುವೆ, ಮೈಕಿನ ಸಿಗ್ನಲನ್ನು ಫೋನು, ಲ್ಯಾಪ್‌ಟಾಪಿಗೆ ತಿಳಿಯುವ ಹಾಗೆ ಮಾಡಿಕೊಡುವ ಆಡಿಯೊ ಇಂಟರ್‌ಫೇಸ್ ಅನ್ನುವ ಡಬ್ಬಿ ಬೇಕು. ಕಂಡೆನ್ಸರಿಗಾಗಿ ತಂದದ್ದು ನನ್ನ ಬಳಿ ಮೊದಲೇ ಇತ್ತು. ಇಲ್ಲದವರು ಆ ಖರ್ಚನ್ನೂ ಸೇರಿಸಿಕೊಳ್ಳಿ. ಡೈನಾಮಿಕ್ ಮೈಕಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಗೇನ್ ಗುಂಡಿಯನ್ನು ಮುಕ್ಕಾಲು ಪಾಲು ತಿರುಗಿಸಬೇಕಾಗುತ್ತದೆ. ನನ್ನ ಡಬ್ಬಿ ಹಳೆಯದು, ಅಷ್ಟು ತಿರುಗಿಸಿದರೆ ಸುಯ್ ಅನ್ನುತ್ತದೆ. ಹತ್ತಿರ ಕೂತು ಗಟ್ಟಿಯಾಗಿ ಹಾಡುವವರಿಗೆ ಗೊತ್ತಾಗುವುದಿಲ್ಲ. ಮೆಲ್ಲಗೆ ಗುನುಗುವವರಿಗೆ ತೊಂದರೆಯೇ. ಗುಂಯ್ ಅನ್ನುವ ಇನ್ನೊಂದು ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಮ್ಮ ಮನೆಯಲ್ಲಿ ಆ ಸದ್ದು ಅಲ್ಲಿಂದಲೇ ಬರುತ್ತಿತ್ತು. ಅರ್ಥಿಂಗ್ ಸರಿ ಇಲ್ಲದ ಮನೆ, ಮೈಕೇನು ಮಾಡೀತು.

ಈಗ ಕೂರುವ ಜಾಗದ ವಿಷಯ. ಎಲ್ಲಕ್ಕಿಂತ ಹೆಚ್ಚು ನನಗೆ ಪಾಠವಾದದ್ದು ಇಲ್ಲಿ. ನಾವು ಸಹಜವಾಗಿ ಕೂಲರಿಗೆ ಬೆನ್ನು ಹಾಕಿ ಕೂರುತ್ತೇವೆ. ಸದ್ದು ಹಿಂದಿರಲಿ ಅಂತ. ಅದೇ ತಪ್ಪು. ಈ ಮೈಕು ಮುಂದಿನ ಸದ್ದು ಹಿಡಿಯುತ್ತದೆ, ತನ್ನ ಬಾಲದ ಕಡೆಯ ಸದ್ದನ್ನು ಬಹಳಷ್ಟು ಬಿಡುತ್ತದೆ. ನೀವು ಕೂಲರಿಗೆ ಬೆನ್ನು ಹಾಕಿದರೆ ಮೈಕಿನ ಮುಖ ನಿಮ್ಮ ಕಡೆ, ಅಂದರೆ ನಿಮ್ಮ ಹೆಗಲ ಮೇಲಿಂದ ಕೂಲರಿನ ಕಡೆಗೇ ಇರುತ್ತದೆ! ಬದಲಿಗೆ ಕೂಲರಿಗೆ ಎದುರಾಗಿ ಕೂರಬೇಕು. ಆಗ ಮೈಕಿನ ಬಾಲ ಕೂಲರಿನತ್ತ. ನಾನು ಹೀಗೆ ದಿಕ್ಕು ಬದಲಿಸಿ ಕೇಳಿದಾಗ ಮಷೀನು ಯಾರೋ ಬಾಗಿಲ ಆಚೆ ತಗೊಂಡು ಹೋದ ಹಾಗಾಯಿತು. ಆದರೆ ಗಾಳಿ ನೇರ ಮೈಕಿಗೆ ಬಡಿದರೆ ಭರ್ ಅನ್ನುತ್ತದೆ, ಕೂಲರಿನ ಪಟ್ಟಿಗಳನ್ನು ಮೇಲಕ್ಕೆ ತಿರುಗಿಸಿ. ಈಗ ನಾವು ಕೂಲರನ್ನು ಒಂದನೇ ನಂಬರಿನಲ್ಲಿ ಇಟ್ಟುಕೊಂಡೇ ಹಾಡುತ್ತೇವೆ. ಈ ಊರಿನ ಮೇ ತಿಂಗಳು ಕಂಡವರಿಗೆ ಇದರ ಬೆಲೆ ಗೊತ್ತು.

ಬೆನ್ನ ಹಿಂದೆ ಏನಿರಬೇಕು? ಕೌದಿ. ಅವ್ವ ಹೊಲಿದ ಎರಡು ದಪ್ಪ ಕೌದಿಗಳನ್ನು ಹಗ್ಗ ಕಟ್ಟಿ ಇಳಿಬಿಟ್ಟಿದ್ದೇನೆ, ಕೆಳಗೆ ಒಂದು ಜಮಖಾನ. ಗುಹೆಯ ದನಿ ಮುಕ್ಕಾಲು ಪಾಲು ಹೋಯಿತು. ದುಡ್ಡು ಕೊಟ್ಟು ಫೋಮ್ ಹಲಗೆ ತರುವವರು ಮೊದಲು ಮನೆಯ ಟ್ರಂಕು ತೆಗೆದು ನೋಡಿ.

ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರ ಸಾಕು. ಇನ್ನೂ ಹತ್ತಿರ ಹೋದರೆ ದನಿ ದಪ್ಪವಾಗುತ್ತದೆ. ನನ್ನ ತೆಳು ದನಿಗೆ ಅದು ಅನುಕೂಲ, ಎರಡು ಬೆರಳಿಗೆ ಹೋಗುತ್ತೇನೆ, ಯಾರಿಗೂ ಹೇಳುವುದಿಲ್ಲ. ಅವ್ವ ಮಾತ್ರ ಭಜನೆಯಲ್ಲಿ ಹಿಡಿಯುವ ಹಾಗೆ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಹಾಗೆ ಮುಚ್ಚಿದರೆ ಹಿಂದಿನ ಸದ್ದು ತಡೆಯುವ ಗುಣವೇ ಹೋಗುತ್ತದೆ. ಹೇಳಿ ಹೇಳಿ ಸೋತು ಒಂದು ಸ್ಟ್ಯಾಂಡ್ ತಂದೆ.

ಪೇಟಿಗೆ ಇದು ಹೇಗೆ? ಪರವಾಗಿಲ್ಲ ಅನ್ನಬಹುದು, ಅಷ್ಟೇ. ಪೇಟಿಯ ದನಿ ಮೊದಲೇ ಜೋರು, ಬಾಯಿ ಮುಂದಿನ ಮೈಕಿಗೆ ಕೆಳಗಿನಿಂದ ತಾನೇ ಬಂದು ಸೇರುತ್ತದೆ. ಮೇಲಿನ ಸಪ್ತಕದ ಮಿನುಗು ಮಾತ್ರ ಕಂಡೆನ್ಸರಿನಲ್ಲಿ ಬಂದಷ್ಟು ಬರುವುದಿಲ್ಲ. ಇದು ಸುಮಾರು 15,000 ಹರ್ಟ್ಸ್‌ತನಕ ಹಿಡಿಯುವ ಮೈಕು, ಹಾಡುವ ದನಿಗಾಗಿ ತಿದ್ದಿದ್ದು. ತಿದಿ ಒತ್ತುವಾಗಿನ ಕಿರ್ ಕಿರ್ ಸದ್ದೂ ಕಡಿಮೆ ಬರುತ್ತದೆ, ನನ್ನ ಪೇಟಿಯ ವಯಸ್ಸಿಗೆ ಅದು ಲಾಭವೇ. ಬರೀ ಸಿತಾರ್, ಕೊಳಲು, ಏಕತಾರಿ ರೆಕಾರ್ಡ್ ಮಾಡುವವರು, ಮನೆಯಲ್ಲೊಂದು ಸದ್ದಿಲ್ಲದ ಕೋಣೆ ಇರುವ ಪುಣ್ಯವಂತರು, ಕಂಡೆನ್ಸರನ್ನೇ ತಗೊಳ್ಳಿ.

ರೆಕಾರ್ಡಿಂಗಿಗೆ ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು. ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಹಾಡುವ ಮೊದಲು ಐದು ಸೆಕೆಂಡು ಎಲ್ಲರೂ ಸುಮ್ಮನಿದ್ದು ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಆ ತುಂಡನ್ನು ತೋರಿಸಿ ನಾಯ್ಸ್ ರಿಡಕ್ಷನ್ ಒತ್ತಿದರೆ ಉಳಿದ ಕೂಲರೂ ಕರಗುತ್ತದೆ. ಜಾಸ್ತಿ ಒತ್ತಬೇಡಿ, ಹಾಡುವವರು ನೀರೊಳಗೆ ಕೂತ ಹಾಗಾಗುತ್ತದೆ.

ಕಳಿಸುವುದು ವಾಟ್ಸಾಪಿನಲ್ಲಿ. ವಾಯ್ಸ್ ನೋಟ್ ಆಗಿ ಕಳಿಸಿದರೆ ಇಷ್ಟೆಲ್ಲ ಕಷ್ಟಪಟ್ಟದ್ದು ನೀರುಪಾಲು, ಫೋನು ಅದನ್ನು ಹಿಂಡಿ ಹಿಪ್ಪೆ ಮಾಡುತ್ತದೆ. 128 ಕೆಬಿಪಿಎಸ್ ಎಂಪಿ3 ಮಾಡಿಕೊಂಡು ಡಾಕ್ಯುಮೆಂಟ್ ಆಗಿ ಕಳಿಸಿ. ನಿಮಿಷಕ್ಕೆ ಸುಮಾರು 1 ಎಂಬಿ ಆಗುತ್ತದೆ, ಯಾರಿಗೂ ಭಾರವಲ್ಲ.

ಎಂಟು ತಿಂಗಳಲ್ಲಿ ಅವ್ವನವು ಇಪ್ಪತ್ತಾರು ಪದ ಆಗಿವೆ. ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ. ಕೆಲವಕ್ಕೆ ಪೇಟಿ ಬೇಡವೇ ಬೇಡ ಅಂತ ಅವಳೇ ಹೇಳಿದಳು, ಬಿಟ್ಟೆ. ಅಮಾವಾಸ್ಯೆ ಭಜನೆಯವರು ಬಂದು ದಮ್ಮಡಿ ಹಿಡಿದು ನಾಲ್ಕು ತತ್ವಪದ ಹಾಡಿಹೋದರು. ಐದು ಜನಕ್ಕೆ ಒಂದೇ ಮೈಕು ಸಾಲಲಿಲ್ಲ, ಅದು ಇದರ ಕೆಲಸವೂ ಅಲ್ಲ.

ಮೊದಲನೇ ಸಲ ಕಂಡೆನ್ಸರಿನಲ್ಲಿ ಮಾಡಿದ್ದ ಬೀಸುವ ಪದವನ್ನು ಇದರಲ್ಲಿ ಮತ್ತೆ ಹಾಡಿಸಿ, ಎರಡನ್ನೂ ಸೊಲ್ಲಾಪುರದಲ್ಲಿರುವ ತಂಗಿಗೆ ಕಳಿಸಿದೆ. ಹೊಸದು ಹೇಗಿದೆ ಅಂತ ಹೊಗಳಿಸಿಕೊಳ್ಳುವ ಆಸೆ. ಮರುದಿನ ಫೋನ್ ಮಾಡಿದಳು. "ಅಣ್ಣಾ, ಮೊದಲಿಂದೇ ಚಲೋ ಅದ ನೋಡು. ಅದರಾಗ ವೈನಿ ರೊಟ್ಟಿ ಬಡಿಯೋದು ಕೇಳಸ್ತದ. ಕಣ್ಣು ಮುಚ್ಚಿದ್ರ ಮನ್ಯಾಗ ಕುಂತಂಗ ಆಗ್ತದ."

ಇದನ್ನು ಮನೆಯಾಕೆಗೆ ಇನ್ನೂ ಹೇಳಿಲ್ಲ. ಒಂದು ತಿಂಗಳು ಅವಳ ರೊಟ್ಟಿ ನಿಲ್ಲಿಸಿದವನು ನಾನು.