ಮಡಚುವ ಸೋಲಾರ್ ಚಾರ್ಜರ್: ಕಡೂರಿಗೆ ಐದು ಸ್ಟಾರ್, ಮೂಡಿಗೆರೆಗೆ ಮೂರು

ಮೊದಲೇ ಹೇಳಿಬಿಡುತ್ತೇನೆ: ಮೇಲೆ ಕೊಟ್ಟಿರುವ ಸ್ಟಾರುಗಳಲ್ಲಿ ಅರ್ಧ ಈ ಸಾಮಾನಿಗೆ ಸೇರಿದ್ದು, ಇನ್ನರ್ಧ ನಮ್ಮೂರಿನ ಆಕಾಶಕ್ಕೆ. ನನ್ನದು ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ. ತಗೊಂಡಿದ್ದು 21 ವ್ಯಾಟಿನ ಮಡಚುವ ಪ್ಯಾನೆಲ್ಲು. ಬಟ್ಟೆಗೆ ಹೊಲಿದ ಮೂರು ಹಲಗೆ, ಹಿಂದೆ ಜಿಪ್ಪಿನ ಜೇಬು, ಜೇಬಿನೊಳಗೆ ಎರಡು ಯುಎಸ್‌ಬಿ ಪೋರ್ಟು. ಒಳಗೆ ಬ್ಯಾಟರಿ ಇಲ್ಲ, ಬಿಸಿಲಿದ್ದಾಗ ಮಾತ್ರ ಕರೆಂಟು. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಹೊಲಿಗೆ, ಇದೇ ಜೇಬು, ಇದೇ ಪೋರ್ಟು ಇರುವ ಮಾಲು ಆನ್‌ಲೈನಿನಲ್ಲಿ ನಾಲ್ಕಾರು ಹೆಸರಲ್ಲಿ ಸಿಗುತ್ತೆ, ಹಾಗಾಗಿ ನಾನು ಹೇಳುವುದು ಹೆಚ್ಚುಕಡಿಮೆ ಎಲ್ಲಕ್ಕೂ ಅನ್ವಯ.

ಪ್ಯಾಕೆಟ್ಟಿನ ಮೇಲಿನ 21 ವ್ಯಾಟ್ ಅನ್ನೋದು ಪರೀಕ್ಷಾ ಕೋಣೆಯ ಲೆಕ್ಕ. ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಸೆಲ್ಲಿನ ಬಿಸಿ 25 ಡಿಗ್ರಿ ಇಟ್ಟುಕೊಂಡು ಅಳೆದಿದ್ದು. ಬಿಸಿಲಿಗೆ ಹಾಸಿದ ಕಪ್ಪು ಹಲಗೆ 25 ಡಿಗ್ರಿಯಲ್ಲಿ ಎಲ್ಲಿ ನಿಲ್ಲುತ್ತೆ? ಸ್ವಲ್ಪ ಹೊತ್ತಿಗೇ 50 ದಾಟುತ್ತೆ, ಮುಟ್ಟಿದರೆ ಕೈ ಸುಡುತ್ತೆ. ಒಂದೊಂದು ಡಿಗ್ರಿ ಏರಿದ ಹಾಗೆ ಸಿಲಿಕಾನ್ ಸೆಲ್ಲು ಶೇ 0.3ರಿಂದ 0.4ರಷ್ಟು ಶಕ್ತಿ ಕಳ್ಕೊಳ್ಳುತ್ತೆ. ಬಂದದ್ದನ್ನು 5 ವೋಲ್ಟಿಗೆ ಇಳಿಸುವ ಸರ್ಕ್ಯೂಟೂ ತನ್ನ ಪಾಲು ತಿನ್ನುತ್ತೆ. ಕೇಬಲ್ಲಿನ ನಡುವೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಮೀಟರು ನನ್ನ ಹತ್ತಿರ ಇದೆ. ಅದರಲ್ಲಿ ಡಿಸೆಂಬರಿನ ಶುಭ್ರ ಮಧ್ಯಾಹ್ನ ಎರಡೂ ಪೋರ್ಟು ಸೇರಿ 13-14 ವ್ಯಾಟ್ ಕಂಡಿದ್ದೇ ಹೆಚ್ಚು. ಇದನ್ನು ಮೋಸ ಅಂತ ನಾನು ಕರೆಯಲ್ಲ. 21 ಅಂತ ಬರೆದಿರುವ ಯಾವ ಪ್ಯಾನೆಲ್ಲು ತಂದರೂ ಮೂರರಲ್ಲಿ ಎರಡು ಪಾಲು ಅಂತಲೇ ಲೆಕ್ಕ ಹಾಕಿಕೊಳ್ಳಿ.

ಅಷ್ಟು ಬಂದರೂ ಸಾಕಿತ್ತು. 10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕದಲ್ಲಿ 37 ವ್ಯಾಟ್-ಅವರ್. 12 ವ್ಯಾಟಿನಂತೆ ನಾಲ್ಕು ಗಂಟೆ ಒಳ್ಳೆ ಬಿಸಿಲು ಸಿಕ್ಕರೆ ಸೋರಿಕೆ ಕಳೆದೂ ತುಂಬುತ್ತೆ. ತುಂಬಿದ್ದರಲ್ಲಿ ಈಗಿನ 5000 ಎಂಎಎಚ್ ಮೊಬೈಲು ಸುಮಾರು ಒಂದೂವರೆ ಸಲ ಚಾರ್ಜ್ ಆಗುತ್ತೆ. ತೊಂದರೆ ಇರೋದು ‘ಒಳ್ಳೆ ಬಿಸಿಲು ಸಿಕ್ಕರೆ’ ಅನ್ನೋ ಕಡೆ.

ನಮ್ಮ ಕಾಫಿ ನೆರಳಿನ ಬೆಳೆ. ಮೇಲೆ ಸಿಲ್ವರ್ ಓಕು, ಹಲಸು, ಅತ್ತಿ, ಹಾಲುವಾಣ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ತೋಟದೊಳಗೆ ನಿಂತು ತಲೆ ಎತ್ತಿದರೆ ಬೆಳಕು ಧಾರಾಳ ಇದೆ ಅನ್ನಿಸುತ್ತೆ, ಮೀಟರಿಗೆ ಹಾಗೆ ಅನ್ನಿಸಲ್ಲ. ನೆರಳಲ್ಲಿ 1 ವ್ಯಾಟೂ ದಾಟಲ್ಲ. ಅದಕ್ಕಿಂತ ಕಿರಿಕಿರಿ ಚುಕ್ಕೆ ಬಿಸಿಲು. ಪ್ಯಾನೆಲ್ಲಿನ ಮುಕ್ಕಾಲು ಪಾಲಿಗೆ ಬಿಸಿಲು ಬಿದ್ದಿದೆ, ಒಂದು ಮೂಲೆಗೆ ಮಾತ್ರ ಕೊಂಬೆಯ ನೆರಳು ಅಂದುಕೊಳ್ಳಿ. ಮುಕ್ಕಾಲು ಪಾಲು ಕರೆಂಟು ಬರಬೇಕಲ್ಲ? ಬರಲ್ಲ. ಸೆಲ್ಲುಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿರುತ್ತವೆ, ನೆರಳು ಬಿದ್ದ ಸೆಲ್ಲು ಎಷ್ಟು ಬಿಡುತ್ತೋ ಅಷ್ಟೇ ಇಡೀ ಸರಣಿಯಲ್ಲಿ ಹರಿಯೋದು. ಕಾಫಿ ಹೂ ಅರಳಲಿ ಅಂತ ನೀರು ಹೊಡೆಯುವಾಗ ಪೈಪು ಒಂದು ಕಡೆ ಮಡಚಿಕೊಂಡರೆ ಅದರ ಮುಂದಿನ ಸ್ಪ್ರಿಂಕ್ಲರೆಲ್ಲ ಸಪ್ಪೆಯಾಗುತ್ತಲ್ಲ, ಹಾಗೆ. ದೊಡ್ಡ ಪ್ಯಾನೆಲ್ಲುಗಳಲ್ಲಿ ಇದಕ್ಕೆ ಬೈಪಾಸ್ ಡಯೋಡ್ ಇರುತ್ತೆ, ನೆರಳು ಬಿದ್ದ ಸೆಲ್ಲುಗಳನ್ನು ಬಳಸಿಕೊಂಡು ಕರೆಂಟು ಹೋಗಲು ಪಕ್ಕದ ದಾರಿ ಅದು. ನನ್ನದರಲ್ಲಿ ಇದ್ದ ಲಕ್ಷಣ ಕಾಣಲಿಲ್ಲ: ಅಂಗೈಯಗಲ ನೆರಳಿಗೆ 12 ವ್ಯಾಟ್ ಇದ್ದದ್ದು 3ಕ್ಕೆ ಇಳಿಯುತ್ತೆ. ಮರಗಸಿ ಮಾಡಿಸಿದ ಮೇಲೆ, ಅಂದರೆ ನೆರಳು ಮರದ ಕೊಂಬೆ ಕಡಿಸಿದ ಮೇಲೆ, ಒಂದಿಷ್ಟು ದಿನ ತೋಟದ ರಸ್ತೆಯಲ್ಲಿ ಪರವಾಗಿಲ್ಲ ಅನ್ನುವಷ್ಟು ಬರುತ್ತೆ. ಚಿಗುರು ಬಂತೋ, ಮತ್ತೆ ಅಷ್ಟೇ.

ಹಾಗಾದರೆ ಮಲೆನಾಡಿನ ತೋಟದಲ್ಲಿ ಇದಕ್ಕೆ ಜಾಗ ಎಲ್ಲಿ? ಕಣದಲ್ಲಿ. ಕಾಫಿ ಒಣಗಲಿ ಅಂತ ತಾತಂದಿರ ಕಾಲದಲ್ಲೇ ಮರ ಕಡಿದು, ಬೆಳಗಿಂದ ಸಂಜೆವರೆಗೆ ಬಿಸಿಲು ಬೀಳುವ ಜಾಗ ನೋಡಿ ಮಾಡಿದ್ದು ಅದು. ಸೋಲಾರ್ ಕಂಪನಿಯವರು ಬಂದು ಸರ್ವೆ ಮಾಡಿದ್ದರೂ ಇದಕ್ಕಿಂತ ಒಳ್ಳೆ ಜಾಗ ತೋರಿಸುತ್ತಿರಲಿಲ್ಲ. ನವೆಂಬರಿಂದ ಅರೇಬಿಕಾ ಕುಯ್ಲು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಆ ನಾಲ್ಕೈದು ತಿಂಗಳು ಕಣದಲ್ಲಿ ಹೇಗೂ ಒಬ್ಬರು ಕಾಫಿ ಕೆದಕುತ್ತಾ ಇರುತ್ತಾರೆ. ಪ್ಯಾನೆಲ್ಲೂ ಅಲ್ಲೇ. ಲೈನ್ ಮನೆಯಲ್ಲಿರುವ ಕೆಲಸದವರ ಮೊಬೈಲು, ತಲೆಗೆ ಕಟ್ಟುವ ಟಾರ್ಚು, ತೋಟದ ಲೆಕ್ಕ ನೋಡುವ ರೈಟರ ರೇಡಿಯೋ ಎಲ್ಲ ಸರದಿಯಲ್ಲಿ. ಇಲ್ಲಿ ಮೊಬೈಲಿಗೆ ಚಾರ್ಜ್ ಇರೋದು ಮೋಜಿಗಲ್ಲ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಆನೆ ಈಗ ಯಾವ ತೋಟದಲ್ಲಿದೆ ಅನ್ನೋ ಸುದ್ದಿ ಬರೋದು ಮೊಬೈಲಿಗೇ. ಬೆಳಿಗ್ಗೆ ಕೆಲಸಕ್ಕೆ ಆಳು ಕಳಿಸುವ ಮೊದಲು ಅದನ್ನು ನೋಡಲೇಬೇಕು.

ಇಡುವ ಕ್ರಮವೂ ಮುಖ್ಯ. ಡಿಸೆಂಬರಿನಲ್ಲಿ ನಮ್ಮ ಕಡೆ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರಲ್ಲ, ದಕ್ಷಿಣಕ್ಕೆ ವಾಲಿಕೊಂಡು 53 ಡಿಗ್ರಿ ಎತ್ತರದಲ್ಲೇ ಹೋಗಿಬಿಡ್ತಾನೆ. ಪ್ಯಾನೆಲ್ಲು ನೆಲಕ್ಕೆ ಮಲಗಿಸಿದರೆ ಐದರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಎರಡು ಇಟ್ಟಿಗೆ ಕೊಟ್ಟು ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿದರೆ ಅದು ವಾಪಸ್ಸು ಸಿಗುತ್ತೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೇ ಇರೋದರಿಂದ ಆಗ ಮಲಗಿಸಿದರೂ ನಡೆಯುತ್ತೆ. ಅಂದಹಾಗೆ ಗಡಿಯಾರದ ಹನ್ನೆರಡು ನಂಬಬೇಡಿ, ನಮ್ಮ ಜಿಲ್ಲೆಯಲ್ಲಿ ನಿಜವಾದ ನಡುಹಗಲು ಹನ್ನೆರಡೂವರೆಯ ಆಸುಪಾಸು.

ಇನ್ನು ಮಳೆಗಾಲ. ಈ ಚಾರ್ಜರ್ ಕೊಳ್ಳುವ ಮಲೆನಾಡಿನವರೆಲ್ಲರ ತಲೆಯಲ್ಲಿ ಇರೋದು ಜುಲೈ ತಿಂಗಳ ಕರೆಂಟಿಲ್ಲದ ದಿನಗಳು. ಗಾಳಿಗೆ ಲೈನಿನ ಮೇಲೆ ಮರ ಬಿತ್ತೆಂದರೆ ಒಂದೊಂದು ಸಲ ದಿನಗಟ್ಟಲೆ ಕತ್ತಲು. ಆದರೆ ಕರೆಂಟು ಕೈಕೊಡುವ ಆ ಮೋಡವೇ ಬಿಸಿಲನ್ನೂ ಮುಚ್ಚಿಕೊಂಡು ಕೂತಿರುತ್ತೆ. ಜುಲೈ ಹಗಲಿನಲ್ಲಿ ಅಂಗಳಕ್ಕೆ ಇಟ್ಟರೆ ಮೀಟರು 1 ವ್ಯಾಟು, ಮಳೆ ಹೊಳವಾದಾಗ 2 ತೋರಿಸುತ್ತೆ. ಅದಕ್ಕೂ ಯಾರಾದರೂ ಪಕ್ಕದಲ್ಲೇ ಕೂತು, ಹನಿ ಬಿದ್ದ ಕೂಡಲೇ ಒಳಗೆ ಎತ್ತಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಅಟ್ಟದ ಸಾಮಾನು, ಆ ಕಾಲಕ್ಕಂತಲೇ ತಗೊಳ್ಳುವವರು ಆ ದುಡ್ಡಿಗೆ ಒಂದು ದೊಡ್ಡ ಪವರ್ ಬ್ಯಾಂಕ್ ತಂದು, ಕರೆಂಟಿದ್ದಾಗ ತುಂಬಿಸಿಟ್ಟುಕೊಳ್ಳಿ.

ಇದರ ನಿಜವಾದ ಹಂಗಾಮು ಬೇರೆಯೇ ಇದೆ, ಅದನ್ನು ಯಾವ ಜಾಹೀರಾತೂ ಹೇಳಲ್ಲ: ಏಪ್ರಿಲ್, ಮೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಸುಡುಬಿಸಿಲು, ನಾಲ್ಕು ಗಂಟೆ ಹೊತ್ತಿಗೆ ಗುಡುಗು, ಸಿಡಿಲು, ಗಾಳಿ. ದೀಪ ಹಚ್ಚುವ ಹೊತ್ತಿಗೆ ಕರೆಂಟಿಲ್ಲ. ಬಿಸಿಲು ಮೊದಲು, ಕತ್ತಲು ಆಮೇಲೆ. ಚಾರ್ಜರಿಗೆ ಬೇಕಾದ ಕ್ರಮ ಇದೇ. ಮಧ್ಯಾಹ್ನದೊಳಗೆ ಪವರ್ ಬ್ಯಾಂಕ್ ತುಂಬಿರುತ್ತೆ, ರಾತ್ರಿ ಯುಎಸ್‌ಬಿ ಬಲ್ಬು ಉರಿಯುತ್ತೆ, ಮಗಳು ಓದಿಕೊಳ್ತಾಳೆ. ಕೊಟ್ಟ ದುಡ್ಡು ವಸೂಲಾಗಿದ್ದು ಈ ಎರಡು ತಿಂಗಳಲ್ಲಿ ಅಂತ ನನ್ನ ಲೆಕ್ಕ.

ಅಕ್ಕನ ಮನೆ ಕಡೂರಿನ ಹತ್ತಿರ. ಜಿಲ್ಲೆ ಒಂದೇ, ಆಕಾಶ ಬೇರೆ. ಘಟ್ಟದ ಮಳೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಸವಳಿದಿರುತ್ತೆ. ಒಂದು ಬೇಸಿಗೆ ಪ್ಯಾನೆಲ್ಲು ಅಲ್ಲಿಗೆ ಒಯ್ದಿದ್ದೆ. ಭಾವ ತೆಂಗಿನ ತೋಟದ ಬದುವಿನಲ್ಲಿ ಪಂಪ್‌ಹೌಸಿನ ಗೋಡೆಗೆ ಒರಗಿಸಿ ಸಂಜೆವರೆಗೆ ಹಾಗೇ ಬಿಟ್ಟರು. ಪವರ್ ಬ್ಯಾಂಕ್ ಊಟದ ಹೊತ್ತಿಗೇ ತುಂಬಿತ್ತು. “ಇಂಥಾ ಸಾಮಾನನ್ನ ಹಿಡ್ಕೊಂಡು ಬಯ್ಕೊಂಡು ಓಡಾಡ್ತೀಯಲ್ಲೋ, ಬಿಟ್ಟೋಗು ಇಲ್ಲೇ” ಅಂದರು. “ಬಿಟ್ಟೋಗ್ತೀನಿ ಭಾವ, ನಿಮ್ಮ ಬಿಸಿಲಲ್ಲಿ ಅರ್ಧ ಕಟ್ಟಿಕೊಡಿ” ಅಂದೆ. ಐದು ಸ್ಟಾರ್ ಕೊಟ್ಟ ವಿಮರ್ಶೆ ಓದುವಾಗ ಬರೆದವರು ಕಡೂರಿನವರೋ, ಅರಸೀಕೆರೆಯವರೋ, ಕೊಟ್ಟಿಗೆಹಾರದವರೋ ಅಂತ ಮೊದಲು ನೋಡಿ. ಅದು ಗೊತ್ತಾಗದಿದ್ದರೆ ಆ ಸ್ಟಾರಿಗೆ ಬೆಲೆ ಇಲ್ಲ.

ಚಾರಣಕ್ಕೆ ಹೋಗುವವರು ಬ್ಯಾಗಿನ ಬೆನ್ನಿಗೆ ಇದನ್ನು ಕಟ್ಟಿಕೊಂಡ ಫೋಟೋ ಎಲ್ಲ ಜಾಹೀರಾತಿನಲ್ಲೂ ಇರುತ್ತೆ. ಬಲ್ಲಾಳರಾಯನ ದುರ್ಗದ ಹುಲ್ಲುಗಾವಲಿನಲ್ಲಿ ನಾನೂ ಕಟ್ಟಿಕೊಂಡು ನಡೆದಿದ್ದೇನೆ. ಮರವಿಲ್ಲದ ಬೋಳುಗುಡ್ಡ, ಬಿಸಿಲಿಗೆ ಕೊರತೆಯಿಲ್ಲ. ಆದರೂ ದಾರಿ ತಿರುಗಿದ ಹಾಗೆಲ್ಲ ಬೆನ್ನು ಸೂರ್ಯನಿಂದ ತಿರುಗುತ್ತೆ, ಏರುವಾಗ ತಲೆಯ ನೆರಳೇ ಹಲಗೆಯ ಮೇಲೆ ಬೀಳುತ್ತೆ, ಒಟ್ಟಿನಲ್ಲಿ ನೆಲಕ್ಕಿಟ್ಟಾಗ ಸಿಗುವುದರ ಮೂರನೇ ಒಂದು ಪಾಲೂ ಗಟ್ಟಿಯಾಗಿ ಸಿಗಲ್ಲ. ಮುಳ್ಳಯ್ಯನಗಿರಿಯಲ್ಲಂತೂ, ಕರ್ನಾಟಕದಲ್ಲೇ ಎತ್ತರದ ಜಾಗ, 1,930 ಮೀಟರ್, ಸೂರ್ಯನಿಗೆ ಅಷ್ಟು ಹತ್ತಿರ ಹೋದರೂ ಬೆಳಿಗ್ಗೆ ಸಿಗೋದು ಮಂಜು. ನಮ್ಮ ಬೆಟ್ಟಗಳಲ್ಲಿ ಬಹುಪಾಲು ಹೋಗಿ ಸಂಜೆಗೆ ಇಳಿದು ಬರುವ ನಡಿಗೆಗಳು. ಅದಕ್ಕೆ ಮುಕ್ಕಾಲು ಕೆಜಿಯ ಪ್ಯಾನೆಲ್ಲು ಹೊರುವ ಅಗತ್ಯವೇ ಇಲ್ಲ, ಮನೆಯಲ್ಲೇ ತುಂಬಿಸಿದ ಪವರ್ ಬ್ಯಾಂಕ್ ಸಾಕು. ಬಿಸಿಲಿನಿಂದಲೇ ಬದುಕುವ ಯಂತ್ರ ನೋಡಬೇಕಂದರೆ ಹಾಸನದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು ನೋಡಿಕೊಳ್ಳುವ ಉಪಗ್ರಹಗಳೇ ಸರಿ. 36,000 ಕಿಲೋಮೀಟರ್ ಮೇಲೆ ಮೋಡವೂ ಇಲ್ಲ, ಸಿಲ್ವರ್ ಓಕೂ ಇಲ್ಲ.

ಪವರ್ ಬ್ಯಾಂಕಿನ ಬೆನ್ನಿಗೇ ಅಂಗೈಯಗಲದ ಸೋಲಾರ್ ಹಲಗೆ ಅಂಟಿಸಿ ಮಾರುತ್ತಾರಲ್ಲ, ಅದನ್ನು ತಗೊಳ್ಳಬೇಡಿ. ಅಷ್ಟಗಲದ ಹಲಗೆಯಿಂದ ಹೆಚ್ಚೆಂದರೆ ಒಂದೂವರೆ ವ್ಯಾಟ್. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ಭಾಗಾಕಾರ ಮಾಡಿ ನೋಡಿ: ಒಂದಿಷ್ಟೂ ಸೋರದಿದ್ದರೂ 50 ಗಂಟೆ ನೆತ್ತಿ ಬಿಸಿಲು ಬೇಕು. ಅಷ್ಟು ಹೊತ್ತು ಲಿಥಿಯಂ ಬ್ಯಾಟರಿಯನ್ನು ಕಾದ ಕಣದಲ್ಲಿ ಹುರಿದರೆ ಅದರ ಆಯಸ್ಸು ಏನಾಗಬೇಡ? ಈ ಬ್ಯಾಟರಿಗಳು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಆಗಬಾರದು. ಪ್ಯಾನೆಲ್ಲು ಬಿಸಿಲಿಗೆ, ಬ್ಯಾಟರಿ ನೆರಳಿಗೆ ಇರಬೇಕಾದ್ದರಿಂದಲೇ ಎರಡೂ ಬೇರೆ ಬೇರೆ ಇರಬೇಕು. ನಾನು ಪವರ್ ಬ್ಯಾಂಕನ್ನು ಪ್ಯಾನೆಲ್ಲಿನ ಹಿಂದೆ, ಅದರದೇ ನೆರಳಲ್ಲಿ, ಇಟ್ಟಿಗೆ ಮೇಲೆ ಇಡ್ತೀನಿ. ಜೇಬಿನೊಳಗೆ ಹಾಕಲ್ಲ, ಅಲ್ಲಿ ಗಾಳಿ ಆಡಲ್ಲ. ಪವರ್ ಬ್ಯಾಂಕ್ ಕೊಳ್ಳುವಾಗ ಬಿಐಎಸ್ ಗುರುತು, ಅದರ ಜೊತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರು ಇದೆಯಾ ನೋಡಿಕೊಳ್ಳಿ.

ಮೊಬೈಲನ್ನು ನೇರ ಪ್ಯಾನೆಲ್ಲಿಗೆ ಸಿಕ್ಕಿಸೋದೂ ಬೇಡ. ಮೋಡ ಅಡ್ಡ ಬಂದ ಕೂಡಲೇ ವೋಲ್ಟೇಜ್ ಬೀಳುತ್ತೆ, ಮೊಬೈಲು ಇದು ಕೈಲಾಗದ ಚಾರ್ಜರು ಅಂತ ತೀರ್ಮಾನ ಮಾಡಿ ಕರೆಂಟು ಎಳೆಯೋದು ಕಡಿಮೆ ಮಾಡುತ್ತೆ. ಮೋಡ ಸರಿದ ಮೇಲೂ ಎಷ್ಟೋ ಸಲ ಅದೇ ಮೆಲ್ಲಗಿನ ಗತಿಯಲ್ಲೇ ಇರುತ್ತೆ, ಕೇಬಲ್ಲು ಕಿತ್ತು ಮತ್ತೆ ಸಿಕ್ಕಿಸಬೇಕು. ಬಿಸಿಲು ಬಂದಾಗ ತಾನೇ ಮತ್ತೆ ಶುರುವಾಗುವ ವ್ಯವಸ್ಥೆ ಇದೆ ಅಂತ ನನ್ನದರ ವಿವರಣೆಯಲ್ಲಿ ಬರೆದಿತ್ತು. ಅದು ಕೆಲಸ ಮಾಡಿದ್ದೂ ಉಂಟು, ಮಾಡದೇ ಇದ್ದದ್ದೂ ಉಂಟು. ನಡುವೆ ಪವರ್ ಬ್ಯಾಂಕ್ ಇದ್ದರೆ ಈ ತಲೆನೋವು ಬಹಳ ಕಡಿಮೆ.

ಬಾಳಿಕೆ ಬಗ್ಗೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಟ್ಟೆಗೆ ಬೂಷ್ಟು ಬಂತು, ಪೋರ್ಟಿನ ಲೋಹಕ್ಕೆ ಹಸಿರು ಕಿಲುಬು. ನಮ್ಮ ಕಡೆ ಚಪ್ಪಲಿ, ಬೆಲ್ಟು, ಕ್ಯಾಮೆರಾ ಚೀಲ ಯಾವುದನ್ನೂ ಮಳೆಗಾಲ ಬಿಡಲ್ಲ, ಇದನ್ನು ಬಿಡುತ್ತಾ? ಈಗ ಜೂನ್ ಬಂದ ಕೂಡಲೇ ಒರೆಸಿ ಒಣಗಿಸಿ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡ್ತೀನಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಂಚಿನಲ್ಲಿ ಸ್ವಲ್ಪ ಗುಳ್ಳೆ ಎದ್ದಿದೆ, ಬಣ್ಣ ಮಾಸಿದೆ. ಇಟಿಎಫ್‌ಇ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆ ಇರೋದಕ್ಕೆ ಬೆಲೆ ಜಾಸ್ತಿ, ಬಿಸಿಲಿಗೆ ತಡೆಯೋದೂ ಜಾಸ್ತಿ. ಇನ್ನೊಂದು ಸಲ ತಗೊಂಡರೆ ಅದನ್ನೇ. ಕಾಫಿ ಕೆದಕುವಾಗ ಯಾರದೋ ಕಾಲು ಬಿದ್ದು ಒಂದು ಹಲಗೆಯೊಳಗಿನ ಸೆಲ್ಲು ಸೀಳಿದೆ. ಹೊರಗಿಂದ ಕೂದಲೆಳೆಯಷ್ಟು ಗೆರೆ, ಮೀಟರಿನಲ್ಲಿ ಮಾತ್ರ ಈಗ 10 ವ್ಯಾಟ್ ಬಂದರೆ ಪುಣ್ಯ.

ಪೋರ್ಟು ಸಡಿಲವಾದಾಗ ಮಾರಿದ ಕಂಪನಿಗೆ ಮೇಲ್ ಮಾಡಿದೆ. ನಿಮ್ಮ ಖರ್ಚಲ್ಲೇ ಬೆಂಗಳೂರಿಗೆ ಕೊರಿಯರ್ ಮಾಡಿ, ನೋಡಿ ಹೇಳ್ತೀವಿ ಅಂದರು. ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹುಡುಗ ಅದೇ ಸಂಜೆ ಹೊಸ ಪೋರ್ಟು ಬೆಸುಗೆ ಹಾಕಿಕೊಟ್ಟ, ತಗೊಂಡಿದ್ದು ಎರಡು ಊಟದ ದುಡ್ಡು. ಅದು ಇವತ್ತಿಗೂ ಅಲ್ಲಾಡಿಲ್ಲ. ಒಳಗಿನ ಡಬ್ಬಿ ಅಂಟು ಹಾಕಿ ಮುಚ್ಚಿದ್ದೋ, ಸ್ಕ್ರೂ ಹಾಕಿದ್ದೋ ಅಂತ ಕೊಳ್ಳುವ ಮೊದಲೇ ಫೋಟೋದಲ್ಲಿ ನೋಡಿಕೊಂಡರೆ ಒಳ್ಳೇದು.

ಮಂಗಗಳ ವಿಷಯ ಬೇರೆ. ಹೊಳೆಯೋದನ್ನು ಕಂಡರೆ ಅವಕ್ಕೆ ತಡೆಯಲ್ಲ. ಕಣದಲ್ಲಿ ಯಾರೂ ಇಲ್ಲದಾಗ ಇಟ್ಟರೆ ಪ್ಯಾನೆಲ್ಲು ಹಲಸಿನ ಮರದ ಮೇಲಿರುತ್ತೆ.

ತೂಕದ ಎಲೆಕ್ಟ್ರಾನಿಕ್ ಯಂತ್ರ, ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಇದರಲ್ಲಿ ಚಾರ್ಜ್ ಆಗುತ್ತಾ ಅಂತ ಅಕ್ಕಪಕ್ಕದ ತೋಟದವರು ಕೇಳ್ತಾನೇ ಇರ್ತಾರೆ. ಆಗಲ್ಲ. ನಮ್ಮ ತೂಕದ ಯಂತ್ರದೊಳಗೆ ಇರೋದು 6 ವೋಲ್ಟಿನ ಲೆಡ್ ಬ್ಯಾಟರಿ, ಸ್ಪ್ರೇಯರಿನಲ್ಲಿ 12 ವೋಲ್ಟ್ 8 ಆಂಪಿಯರ್-ಅವರ್‌ನದು. ಯುಎಸ್‌ಬಿಯ 5 ವೋಲ್ಟು ಅದಕ್ಕೆ ಮುಟ್ಟಲ್ಲ. ಅದಕ್ಕೆ 12 ವೋಲ್ಟಿನ 40-50 ವ್ಯಾಟ್ ಗಾಜಿನ ಪ್ಯಾನೆಲ್ಲು ತಂದು, ಚಾರ್ಜ್ ಕಂಟ್ರೋಲರ್ ಹಾಕಿ, ಕಣದ ಶೆಡ್ಡಿನ ತಗಡಿನ ಮೇಲೆ ಬೋಲ್ಟು ಬಿಗಿದು ಕೂರಿಸಬೇಕು. ಬರುವ ಕುಯ್ಲಿನೊಳಗೆ ಹಾಕಿಸಬೇಕು ಅಂತಿದ್ದೀನಿ. ಅದು ಮಡಚಲ್ಲ, ಮಂಗಕ್ಕೆ ಎತ್ತೋಕೂ ಆಗಲ್ಲ.